ಕಾಸರಗೋಡಿನಿಂದ ಕಡಲಹಕ್ಕಿಗಳತ್ತ ಒಂದು ಬೋಟ್ ಪ್ರಯಾಣ

ಚಂದ್ರಗಿರಿ ಹೊಳೆಯ ಅಳಿವೆಯ ಬಳಿಯಿಂದ ಸೆಪ್ಟೆಂಬರಿನಲ್ಲಿ ಹೊರಡುವ ಈ ಬೋಟ್ ಪ್ರಯಾಣವನ್ನು, ದಡದಲ್ಲಿ ನಿಂತವರಿಗೆ ಕಾಣಸಿಗುವುದೇ ಅಪರೂಪವಾದ ಹಕ್ಕಿಗಳನ್ನು ಗುರುತಿಸಲು ಕಲಿಯಬಯಸುವವರಿಗೆ ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ಹತ್ತುವಾಗ ಕೈಗೆ ಕೊಡುವ ಚಿತ್ರಪಟ್ಟಿಯನ್ನು ನೆಚ್ಚಿಕೊಳ್ಳಬಾರದು. ಬದುಕಿನ ಬಹುಪಾಲನ್ನು ನಡುಗಡಲಿನಲ್ಲೇ ಕಳೆಯುವ ಹಕ್ಕಿಗಳನ್ನು ಅದರಲ್ಲಿ ಬಂಡೆಯ ಮೇಲೆ ಕುಳಿತ ಭಂಗಿಯಲ್ಲಿ ಮುದ್ರಿಸಿದ್ದಾರೆ.

ಮಾರ್ಗದರ್ಶಕರ ಹೆಚ್ಚುಗಾರಿಕೆಯೆಂದರೆ, ಅವರು ಬಣ್ಣಕ್ಕಿಂತ ಮೊದಲು ಹಾರಾಟವನ್ನು ನೋಡಿಸುತ್ತಾರೆ. ಹೊಯ್ದಾಡುವ ಬೋಟಿನಲ್ಲಿ ದುರ್ಬೀನು ನಿಲ್ಲುವುದಿಲ್ಲ, ಎದುರುಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪೇ. ಗೊರವಂಕಕ್ಕಿಂತ ಚಿಕ್ಕದಾದ ಹಕ್ಕಿಯೊಂದು ಕಾಲುಗಳನ್ನು ಇಳಿಬಿಟ್ಟು, ನೀರಿನ ಮೇಲೆ ಹೆಜ್ಜೆಯಿಡುವಂತೆ ತೇಲುತ್ತಿದ್ದರೆ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಇರಬಹುದೆಂದು ಎಣಿಸಿ, ಬಾಲದ ಬುಡದ ಬಿಳಿ ಪಟ್ಟಿಯನ್ನೂ ಹಾರುವಾಗ ಬಾಲದಾಚೆಗೆ ಚಾಚುವ ಪಾದಗಳನ್ನೂ ಆಮೇಲೆ ಹುಡುಕಬೇಕು. ಆ ಬಿಳಿ ಇಲ್ಲದೆ ಬಾಲ ಕವಲೊಡೆದಿದ್ದರೆ ಸ್ವಿನ್‌ಹೋ ಪೆಟ್ರೆಲನ್ನು ನೆನೆಯಬೇಕು. ರೆಕ್ಕೆಗಳನ್ನು ಸೆಟೆಸಿಕೊಂಡು ಅಲೆಗಳ ನಡುವೆ ಓರೆಯಾಗಿ ಜಾರುವ ದೊಡ್ಡ ಹಕ್ಕಿ ಶಿಯರ್‌ವಾಟರ್. ಮೈಯೆಲ್ಲ ಕಡುಗಂದು, ಕೊಕ್ಕು ನಸುಗೆಂಪು, ಅದರ ತುದಿ ಕಪ್ಪು ಎಂದಾದರೆ ಅದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ದ್ವೀಪಗಳಲ್ಲಿ ಗೂಡುಮಾಡುವ ಫ್ಲೆಶ್-ಫುಟೆಡ್ ಶಿಯರ್‌ವಾಟರ್.

ಎಂಜಿನ್ ನಿಲ್ಲಿಸಿ, ಬೂತಾಯಿಯ ಚೂರು ಮತ್ತು ಮೀನೆಣ್ಣೆಯನ್ನು ನೀರಿಗೆ ಬಿಟ್ಟು ಕಾಯುವ ಹೊತ್ತು ನನಗೆ ಎಲ್ಲಕ್ಕಿಂತ ಹಿಡಿಸಿತು. ಪೆಟ್ರೆಲ್‌ಗಳು ಆಹಾರವನ್ನು ವಾಸನೆಯಿಂದಲೂ ಪತ್ತೆಹಚ್ಚುತ್ತವೆ. ಅವುಗಳ ಮೂಗಿನ ಹೊಳ್ಳೆಗಳು ಕೊಕ್ಕಿನ ಮೇಲೆ ಕೊಳವೆಯಂತಿದ್ದು, ಕಣ್ಣಿನ ಮೇಲ್ಭಾಗದ ಗ್ರಂಥಿಗಳು ರಕ್ತದ ಹೆಚ್ಚುವರಿ ಉಪ್ಪನ್ನು ಹೊರಹಾಕುವುದರಿಂದ ಕಡಲ ನೀರನ್ನೇ ಕುಡಿದು ಬದುಕಬಲ್ಲವು. ಸುಮಾರು 40 ಗ್ರಾಂ ತೂಗುವ ವಿಲ್ಸನ್ ಪೆಟ್ರೆಲ್, ಅಂಟಾರ್ಕ್ಟಿಕಾದ ಕರಾವಳಿ ಹಾಗೂ ಸುತ್ತಲಿನ ದ್ವೀಪಗಳ ಬಂಡೆಬಿರುಕುಗಳಲ್ಲಿ ಒಂದೇ ಮೊಟ್ಟೆಯಿಟ್ಟು, ಸ್ಕುವಾ ಎಂಬ ದೊಡ್ಡ ಬೇಟೆಗಾರ ಕಡಲಹಕ್ಕಿಗಳ ಬಾಯಿಗೆ ಬೀಳದಿರಲು ಕತ್ತಲಾದ ಮೇಲಷ್ಟೇ ಗೂಡಿಗೆ ಬರುತ್ತದೆ. ಅಲ್ಲಿ ಚಳಿಗಾಲ ಕಾಲಿಡುವ ಹೊತ್ತಿಗೆ ಸಮಭಾಜಕವನ್ನು ದಾಟಿ ಹೊರಡುವ ಹಕ್ಕಿಗಳಲ್ಲಿ ಒಂದಷ್ಟು ನಮ್ಮ ಅರಬ್ಬೀ ಸಮುದ್ರಕ್ಕೂ ಬರುತ್ತವೆ. ಇದನ್ನೆಲ್ಲ ಕನ್ನಡದಲ್ಲೇ, ಅವಸರವಿಲ್ಲದೆ ವಿವರಿಸಿದರು.

ಜೀವರಕ್ಷಕ ಕವಚವನ್ನು ಎಲ್ಲರಿಗೂ ತೊಡಿಸುತ್ತಾರೆ. ನೆರಳು ಮಾತ್ರ ಇಲ್ಲ. ಬಾಡಿಗೆ ಇಡೀ ಬೋಟಿನ ಲೆಕ್ಕದಲ್ಲಿರುವುದರಿಂದ ಗುಂಪಾಗಿ ಹೋಗುವುದು ಮೇಲು, ವಾಂತಿಯ ಮಾತ್ರೆಯನ್ನು ಹತ್ತುವ ಮೊದಲೇ ನುಂಗಬೇಕು. ನನ್ನ ದೊಡ್ಡ ತಕರಾರು ಸಮಯದ ಬಗ್ಗೆ: ಬೆಳಿಗ್ಗೆ ಪಡುವಣಕ್ಕೆ ಸಾಗುವಾಗ ಬಿಸಿಲು ಬೆನ್ನಿಗಿದ್ದು ಕೊಕ್ಕಿನ ಬಣ್ಣವೂ ತಿಳಿಯುತ್ತದೆ, ಆದರೆ ಮಧ್ಯಾಹ್ನಕ್ಕೆ ಮೊದಲೇ ಮರಳುವುದರಿಂದ ಹಿಂದಾರಿಯುದ್ದಕ್ಕೂ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಹೊತ್ತು ಪಡುವಣಕ್ಕೆ ವಾಲಿದ ಮೇಲೆ ಹಿಂತಿರುಗುವಂತೆ ಮುಂಗಡ ಕೊಡುವಾಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.