ಶಿಕ್ಷೆ ಮುಗಿಸಿದವರಿಗೆ ಬಂದೂಕಿನ ಲೈಸೆನ್ಸ್: ಪುಣೆಯಲ್ಲಿ ಈ ಸರ್ಕಾರಿ ಸೇವೆ ಹೇಗಿದೆ?

ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಸೇನೆ ಸೇರಿ, ನಿವೃತ್ತರಾದ ಮೇಲೆ ಪುಣೆಯಲ್ಲೇ ನೆಲೆ ನಿಂತವರಿಗೆ ಹನ್ನೆರಡು ಬೋರಿನ ಬಂದೂಕು ಶೋಕಿಯ ವಸ್ತುವಲ್ಲ, ಸಂಬಳ ತರುವ ವಸ್ತು. ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ, ನೋಟು ಸಾಗಿಸುವ ಗಾಡಿಯಲ್ಲಿ ಕೂರುವ ಗನ್‌ಮನ್‌ಗೆ ಲೈಸೆನ್ಸ್ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಊರಿನ ಬದುವಿನ ಜಗಳದಲ್ಲಿ ಕೊಡಲಿ ಕಾವು ಬೀಸಿ ಆರು ತಿಂಗಳ ಸಜೆಯಾದರೆ ಬಂದೂಕು, ಕೆಲಸ ಎರಡೂ ಒಟ್ಟಿಗೆ ಹೋಗುತ್ತವೆ. ಹೋದದ್ದು ಮರಳಿ ಸಿಗಬೇಕೇ, ಸಿಗುವ ದಾರಿ ಎಷ್ಟು ನೆಟ್ಟಗಿದೆ ಎಂಬುದನ್ನು ಇಲ್ಲಿ ನೋಡೋಣ. ಅಂಕ ಮೊದಲೇ ಹೇಳಿಬಿಡುವುದಾದರೆ, ಕಾನೂನಿಗೆ ಐದರಲ್ಲಿ ನಾಲ್ಕು, ಅದರ ಫಲ ತಲುಪಿಸುವ ಕಾಗದದ ದಾರಿಗೆ ಎರಡು.

ಕಾನೂನು ಎಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 9. ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಸೆರೆವಾಸದ ಶಿಕ್ಷೆಯಾದವರು, ಆ ಶಿಕ್ಷೆ ಮುಗಿದು 5 ವರ್ಷ ಆಗುವವರೆಗೆ ಬಂದೂಕು, ಗುಂಡು ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ಐದು ವರ್ಷ ತುಂಬಿದ ಮರುದಿನ ಆ ನಿಷೇಧ ತಾನಾಗಿ ಬಿದ್ದುಹೋಗುತ್ತದೆ. ಅದಕ್ಕೆ ಅರ್ಜಿ ಬೇಡ, ಕ್ಷಮಾದಾನ ಬೇಡ, ಕೋರ್ಟಿನ ಆದೇಶವೂ ಬೇಡ. ನಾಲ್ಕು ಅಂಕ ಕೊಟ್ಟದ್ದು ಇದಕ್ಕೇ. ಆದರೆ ಆ ದಿನ ಮರಳಿ ಸಿಗುವುದು ಬಂದೂಕಲ್ಲ, ಎಲ್ಲರಂತೆ ಅರ್ಜಿ ಹಾಕುವ ಅರ್ಹತೆ ಮಾತ್ರ. ನಮ್ಮಲ್ಲಿ ಬಂದೂಕು ಮೂಲಭೂತ ಹಕ್ಕಲ್ಲ. 2023ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಸುಪ್ರೀಂ ಕೋರ್ಟ್ ಪೀಠ ಲೈಸೆನ್ಸ್ ಇಲ್ಲದ ಬಂದೂಕುಗಳ ಹಾವಳಿಯನ್ನು ಕೈಗೆತ್ತಿಕೊಂಡಾಗಲೂ ಅಮೆರಿಕದ ಸಂವಿಧಾನಕ್ಕೂ ನಮ್ಮದಕ್ಕೂ ಇರುವ ಈ ವ್ಯತ್ಯಾಸವನ್ನೇ ಎತ್ತಿ ಹೇಳಿತು.

ಕಲಂ 9ರ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. 'ಆರು ತಿಂಗಳಿಗಿಂತ ಕಡಿಮೆ ಸಜೆಯಾದರೆ ತೊಂದರೆಯಿಲ್ಲ' ಎನ್ನುವುದು ಹಳೆಯ ಮಾತು. 1983ರ ತಿದ್ದುಪಡಿಯ ನಂತರ ಎಷ್ಟೇ ಅವಧಿಯ ಸೆರೆವಾಸವಾದರೂ ಲೆಕ್ಕಕ್ಕೆ ಬರುತ್ತದೆ, ಹದಿನೈದು ದಿನವಾದರೂ ಸರಿ. ಬರೀ ದಂಡ ಕಟ್ಟಿ ಮುಗಿದ ಕೇಸಿಗೆ ಈ ಕಲಂ ಅನ್ವಯಿಸುವುದಿಲ್ಲ. 1958ರ ಪ್ರೊಬೇಷನ್ ಕಾಯ್ದೆಯ ಕಲಂ 3 ಅಥವಾ 4ರಡಿ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಬಾಂಡ್ ಬರೆಸಿಕೊಂಡೋ ಬಿಟ್ಟಿದ್ದರೆ, ಅದೇ ಕಾಯ್ದೆಯ ಕಲಂ 12ರ ಪ್ರಕಾರ ಆ ಅಪರಾಧ ನಿರ್ಣಯದಿಂದ ಬರುವ ಅನರ್ಹತೆ ಅಂಟುವುದಿಲ್ಲ. ಅರ್ಹರಾಗಿದ್ದೂ ಇದನ್ನು ಅರ್ಜಿಯಲ್ಲಿ ಬರೆಯದೆ ಕಳೆದುಕೊಳ್ಳುವವರಿದ್ದಾರೆ. ಅಪೀಲು ಹಾಕಿ ಶಿಕ್ಷೆಗೆ ತಡೆ ತಂದವರ ಸ್ಥಿತಿ ಬೇರೆ. ತಡೆ ಸಿಕ್ಕಿರುವುದು ಶಿಕ್ಷೆಯ ಜಾರಿಗೆ ಮಾತ್ರ. ಅಪರಾಧಿ ಎಂಬ ತೀರ್ಮಾನಕ್ಕೇ ಪ್ರತ್ಯೇಕವಾಗಿ ತಡೆ ಸಿಕ್ಕಿಲ್ಲದಿದ್ದರೆ ಬಂದೂಕು ಮುಟ್ಟಬೇಡಿ.

ನೈತಿಕ ಅಧಃಪತನ ಎಂದರೇನು ಎಂದು ಕಾಯ್ದೆ ಹೇಳಿಲ್ಲ. ಪವನ್ ಕುಮಾರ್ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ದಂಡ ಸಂಹಿತೆಯ ಕಲಂ 294ರಡಿ 20 ರೂಪಾಯಿ ದಂಡ ತೆತ್ತವನನ್ನು ಅಧಃಪತಿತ ಎನ್ನಲಾಗದು ಎಂದಿತು. ವಂಚನೆ, ನಂಬಿಕೆದ್ರೋಹ, ಖೋಟಾ ದಾಖಲೆಯಂಥವು ಮಾತ್ರ ನಿಸ್ಸಂದೇಹವಾಗಿ ಒಳಗೆ ಬರುತ್ತವೆ. ಇನ್ನು ಮಹಾರಾಷ್ಟ್ರದಲ್ಲಿ ಎಲ್ಲರ ಬಾಯಲ್ಲೂ ಇರುವ 'ಚಾಪ್ಟರ್ ಕೇಸ್'. ಶಾಂತಿ ಕಾಪಾಡುತ್ತೇನೆ, ಸನ್ನಡತೆಯಿಂದಿರುತ್ತೇನೆ ಎಂದು ಬರೆಸಿಕೊಳ್ಳುವ ಬಾಂಡ್ ಅದು. ಮೊದಲು ಸಿಆರ್‌ಪಿಸಿಯ 8ನೇ ಅಧ್ಯಾಯ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 9ನೇ ಅಧ್ಯಾಯ. ಇದು ಶಿಕ್ಷೆಯಲ್ಲ, ಆದರೂ ಬಾಂಡ್ ಜಾರಿಯಲ್ಲಿರುವಷ್ಟು ದಿನ ಬಂದೂಕು ನಿಷಿದ್ಧ. ಅವಧಿ ಮುಗಿದೊಡನೆ ನಿಷೇಧವೂ ಮುಗಿಯಿತು, ಇಲ್ಲಿ ಐದು ವರ್ಷದ ಮಾತೇ ಇಲ್ಲ.

ಐದು ವರ್ಷ ಎಣಿಸುವುದರಲ್ಲೂ ಎಡವುವವರು ಹೆಚ್ಚು. ತೀರ್ಪಿನ ದಿನದಿಂದ ಎಣಿಸಬೇಡಿ, ಶಿಕ್ಷೆ ಮುಗಿದ ದಿನದಿಂದ ಎಣಿಸಿ. 2016ರ ಜೂನ್ 10ಕ್ಕೆ ಎರಡು ವರ್ಷದ ಸಜೆಯಾಗಿ ಅಂದೇ ಒಳಗೆ ಹೋದವರಿಗೆ, ವಿಚಾರಣೆಯ ಕಾಲದ ನಾಲ್ಕು ತಿಂಗಳ ಬಂಧನ ಸಜೆಯಲ್ಲಿ ವಜಾ ಆಗಿದ್ದರೆ, ಶಿಕ್ಷೆ 2018ರ ಫೆಬ್ರವರಿ 10ರ ಸುಮಾರಿಗೆ ಮುಗಿಯುತ್ತದೆ, ನಿಷೇಧ 2023ರ ಫೆಬ್ರವರಿಗೆ. ಮಧ್ಯೆ ಜಾಮೀನಿನ ಮೇಲೆ ಹೊರಗಿದ್ದ ದಿನಗಳು ಶಿಕ್ಷೆಯಲ್ಲಿ ಸೇರುವುದಿಲ್ಲ, ಆ ಲೆಕ್ಕ ಮುಂದಕ್ಕೆ ಹೋಗುತ್ತದೆ. ದಂಡ ಕಟ್ಟದೆ ಅದರ ಬದಲಿಗೆ ಅನುಭವಿಸಿದ ಸಜೆಯನ್ನೂ ಕೂಡಿಸಿ. ಮಾಫಿ ಸಿಕ್ಕಿ ಬೇಗ ಬಿಡುಗಡೆಯಾದವರು ಎರಡು ತಾರೀಖುಗಳಲ್ಲಿ ತಡವಾದದ್ದನ್ನೇ ಹಿಡಿದರೆ ತಕರಾರಿಗೆ ಜಾಗವಿರುವುದಿಲ್ಲ. ಯೆರವಡವಾಗಲಿ, ಹಿಂಡಲಗವಾಗಲಿ, ಸಜೆ ಕಳೆದ ಜೈಲಿನಿಂದ ಬಿಡುಗಡೆಯ ಪ್ರಮಾಣಪತ್ರ ತೆಗೆಸಿ, ವಜಾ ಮತ್ತು ಮಾಫಿಯ ದಿನಗಳನ್ನು ಅದರಲ್ಲಿ ಬರೆಸಿಕೊಳ್ಳಿ.

ಅಮೆರಿಕದ ವ್ಯವಸ್ಥೆಯ ಪಕ್ಕದಲ್ಲಿಟ್ಟಾಗ ನಮ್ಮದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಸಜೆ ವಿಧಿಸಬಹುದಾದ ಬಹುತೇಕ ಯಾವುದೇ ಅಪರಾಧ ಸಾಬೀತಾದರೆ ಫೆಡರಲ್ ಕಾನೂನು ಬಂದೂಕನ್ನು ಜೀವನಪೂರ್ತಿ ತಡೆಯುತ್ತದೆ. ನಿಜಕ್ಕೂ ಎಷ್ಟು ಸಜೆಯಾಯಿತು ಎಂಬುದು ಲೆಕ್ಕಕ್ಕಿಲ್ಲ. ಹಕ್ಕು ಮರಳಿ ಕೇಳಲು ಕಾಯ್ದೆಯಲ್ಲೇ ಒಂದು ದಾರಿಯಿದೆ, ಆದರೆ ಅಂಥ ಅರ್ಜಿಗಳನ್ನು ಪರಿಶೀಲಿಸಲು ಹಣ ಬಳಸಬಾರದೆಂದು ಅಲ್ಲಿನ ಸಂಸತ್ತು 1992ರಿಂದ ಬಂದೂಕಿನ ವ್ಯವಹಾರ ನೋಡುವ ಇಲಾಖೆಯ ಕೈ ಕಟ್ಟಿತು. ಅರ್ಜಿ ನೋಡದೆ ವಾಪಸು ಕಳಿಸಿದರೆ ಅದು ನಿರಾಕರಣೆಯಲ್ಲ, ಹಾಗಾಗಿ ಕೋರ್ಟಿಗೂ ಬರುವಂತಿಲ್ಲ ಎಂದು 2002ರ ಬೀನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಆ ದಾರಿ ಮತ್ತೆ ತೆರೆಯುವ ಕೆಲಸಕ್ಕೆ ನ್ಯಾಯಾಂಗ ಇಲಾಖೆ ಕೈ ಹಾಕಿದ್ದು 2025ರಲ್ಲಿ. ಆಹಾರ ಕೂಪನ್ನಿಗಾಗಿ ಸುಳ್ಳು ಬರೆದು 1995ರಲ್ಲಿ ತಪ್ಪೊಪ್ಪಿಕೊಂಡ ರೇಂಜ್ ಎಂಬವರು ಬಂದೂಕಿನ ಹಕ್ಕಿಗಾಗಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆಲ್ಲಲು 2023ರವರೆಗೆ, ಮತ್ತೊಮ್ಮೆ 2024ರವರೆಗೆ ಬಡಿದಾಡಬೇಕಾಯಿತು. ಹಕ್ಕು ಎಂದು ಸಂವಿಧಾನದಲ್ಲಿ ಬರೆದ ದೇಶದಲ್ಲಿ ಮರಳುವ ಬಾಗಿಲಿಗೆ ಮೂವತ್ತು ವರ್ಷ ಬೀಗ. ಹಕ್ಕೇ ಅಲ್ಲ ಎನ್ನುವ ನಮ್ಮಲ್ಲಿ ಐದೇ ವರ್ಷ.

ಆದರೂ ಐದಕ್ಕೆ ಐದು ಕೊಡಲು ಮನಸ್ಸು ಬರುವುದಿಲ್ಲ. ಹೆಂಡತಿಯ ಮೇಲೆ ಮತ್ತೆ ಮತ್ತೆ ಕೈ ಮಾಡಿ ಜೈಲಿಗೆ ಹೋದವನಿಗೂ, ಸೊಸೈಟಿಯ ಲೆಕ್ಕದಲ್ಲಿ ಮೋಸ ಮಾಡಿದವನಿಗೂ ಒಂದೇ ಅಳತೆಗೋಲು. ಮೊದಲನೆಯವನ ಮನೆಗೆ ಬಂದೂಕು ಮರಳಲು ಐದು ವರ್ಷ ತೀರಾ ಕಡಿಮೆ. ಎರಡನೆಯವನಿಗೆ ಅದು ಶಿಕ್ಷೆಯ ಮೇಲಿನ ಶಿಕ್ಷೆ, ಅವನು ಯಾರಿಗೂ ಗುಂಡು ಹೊಡೆಯುವ ಸೂಚನೆ ಅವನ ಅಪರಾಧದಲ್ಲಿ ಇಲ್ಲ.

ಇನ್ನು ಅರ್ಜಿಯ ದಾರಿ. ಮೊದಲು ಕಚೇರಿ ಯಾವುದೆಂದು ನೋಡಿ. ಕೋಥ್ರೂಡ್, ಕಾತ್ರಜ್, ಹಡಪಸರ್‌ನವರಿಗೆ ಪುಣೆ ನಗರ ಪೊಲೀಸ್ ಕಮಿಷನರ್. ನಿಗಡಿ, ವಾಕಡ್, ಹಿಂಜವಡಿಯವರಿಗೆ 2018ರಲ್ಲಿ ಶುರುವಾದ ಪಿಂಪ್ರಿ-ಚಿಂಚ್‌ವಡ್ ಕಮಿಷನರೇಟ್. ಗ್ರಾಮಾಂತರದವರಿಗೆ ಜಿಲ್ಲಾಧಿಕಾರಿ. 2016ರ ಶಸ್ತ್ರಾಸ್ತ್ರ ನಿಯಮಗಳ ಎ-1 ನಮೂನೆಯಲ್ಲಿ, ಎನ್‌ಡಿಎಎಲ್-ಎಲಿಸ್ ಎಂಬ ಸರ್ಕಾರಿ ಶಸ್ತ್ರ ಲೈಸೆನ್ಸ್ ಜಾಲತಾಣದ ಮೂಲಕ ಅರ್ಜಿ. ಹಳೆಯ ಲೈಸೆನ್ಸಿನ ಯುಐಎನ್ (ವಿಶಿಷ್ಟ ಗುರುತಿನ ಸಂಖ್ಯೆ) ಇದ್ದರೆ ಅದನ್ನೇ ಕೊಡಿ, ಹೊಸಬರಂತೆ ಅರ್ಜಿ ಹಾಕಬೇಡಿ. ಜೊತೆಗೆ ಬಿಳಿ ಹಿನ್ನೆಲೆಯ ಫೋಟೋಗಳು, ಗುರುತು-ವಿಳಾಸದ ದಾಖಲೆಗಳು, ಎಸ್-3 ನಮೂನೆಯ ವೈದ್ಯಕೀಯ ಪ್ರಮಾಣಪತ್ರ.

ಎ-1ರಲ್ಲಿ ಶಿಕ್ಷೆಯಾಗಿದೆಯೇ, ಬಾಂಡ್ ಬರೆದುಕೊಟ್ಟಿದ್ದೀರಾ ಎಂಬ ಪ್ರಶ್ನೆಗಳಿವೆ. 'ಐದು ವರ್ಷ ಕಳೆದಿದೆ, ಇನ್ನೇಕೆ' ಎಂದು 'ಇಲ್ಲ' ಬರೆಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಐದು ವರ್ಷ ಕಳೆದರೆ ನಿಷೇಧ ಹೋಗುತ್ತದೆ, ಇತಿಹಾಸ ಹೋಗುವುದಿಲ್ಲ. ಇಂಡಿ ಅಥವಾ ಅಥಣಿ ಠಾಣೆಯಲ್ಲಿ ದಾಖಲಾದ ಕೇಸು ಠಾಣೆಗಳನ್ನು ಜೋಡಿಸುವ ಕಂಪ್ಯೂಟರ್ ಜಾಲ ಸಿಸಿಟಿಎನ್ಎಸ್‌ನಲ್ಲಿ ಪುಣೆಯ ಠಾಣೆಗೂ ಕಾಣುತ್ತದೆ. ಮುಚ್ಚಿಟ್ಟು ಪಡೆದ ಲೈಸೆನ್ಸನ್ನು ಕಲಂ 17ರಡಿ ಯಾವಾಗ ಬೇಕಾದರೂ ರದ್ದು ಮಾಡಬಹುದು, ಆಗ 'ಸುಳ್ಳು ಹೇಳಿದವನು' ಎಂಬ ಹೊಸ ಕಾರಣವೂ ಸೇರಿಕೊಳ್ಳುತ್ತದೆ. 'ಹೌದು' ಎಂದು ಬರೆದು, ಕಲಂ, ಕೋರ್ಟು, ಶಿಕ್ಷೆ, ಅದು ಮುಗಿದ ತಾರೀಖು, ಐದು ವರ್ಷ ತುಂಬಿದ ತಾರೀಖು ಎಲ್ಲವನ್ನೂ ಒಂದೇ ಪುಟದ ಟಿಪ್ಪಣಿಯಲ್ಲಿ ಲಗತ್ತಿಸಿ.

ಕನ್ನಡಿಗರಿಗೆ ಮಾತ್ರ ಎದುರಾಗುವ ತೊಡಕು ಇಲ್ಲೇ ಇದೆ. ಊರಿನ ಕೋರ್ಟಿನ ತೀರ್ಪು ಕನ್ನಡದಲ್ಲಿರುತ್ತದೆ, ಓದುವವರು ಮರಾಠಿಯವರು. ದೃಢೀಕೃತ ನಕಲಿನ ಜೊತೆ ಮರಾಠಿ ಅಥವಾ ಇಂಗ್ಲಿಷ್ ಅನುವಾದ, ಅನುವಾದಕರ ಅಫಿಡವಿಟ್ ಬೇಕೇ ಬೇಕು. ಅನುವಾದವನ್ನು ನೀವೇ ಕಣ್ಣಿಟ್ಟು ಓದಿ. ನಮ್ಮ ಕೋರ್ಟಿನ 'ಖುಲಾಸೆ' ಎಂದರೆ ಬಿಡುಗಡೆ, ಮರಾಠಿಯ 'ಖುಲಾಸಾ' ಎಂದರೆ ವಿವರಣೆ. 'ಮೂರನೇ ಆರೋಪಿಯನ್ನು ಖುಲಾಸೆ ಮಾಡಲಾಗಿದೆ' ಎಂಬ ಸಾಲು ಅಕ್ಷರ ನೋಡಿ ಮರಾಠಿಗೆ ಹೋದರೆ ಆರೋಪಿ ಏನೋ ವಿವರಣೆ ಕೊಟ್ಟಂತಾಗುತ್ತದೆ. ಅಲ್ಲಿ ಇರಬೇಕಾದ ಮಾತು 'ನಿರ್ದೋಷ್ ಮುಕ್ತತಾ'. 'ರಾಜಿ' ಎಂದರೆ ನಮಗೆ ಒಪ್ಪಂದ, ಅವರಿಗೆ ಬರೀ ಒಪ್ಪಿಗೆ. ಅಲ್ಲಿ 'ತಡಜೋಡ್' ಬರಬೇಕು. ರಾಜಿಗೆ ಅವಕಾಶವಿರುವ ಅಪರಾಧದಲ್ಲಿ ಕೋರ್ಟಿನ ಮುಂದೆ ರಾಜಿಯಾಗಿದ್ದರೆ ಅದಕ್ಕೆ ಕಾನೂನಿನಲ್ಲಿ ಖುಲಾಸೆಯದೇ ಫಲ, ಆದ್ದರಿಂದ ಆ ಒಂದು ಪದ ತಪ್ಪಿದರೆ ನಿರಪರಾಧಿಯೂ ಅಪರಾಧಿಯಂತೆ ಕಾಣುತ್ತಾನೆ. 'ಸಾದಾ ಸಜೆ'ಗೆ 'ಸಾಧೀ ಕೈದ್', 'ಕಠಿಣ ಸಜೆ'ಗೆ 'ಸಕ್ತಮಜುರಿ' ಎಂದೇ ಬಂದಿದೆಯೇ ನೋಡಿ. ಕಲಂ ಸಂಖ್ಯೆಗಳನ್ನು ಬೆರಳಿಟ್ಟು ತಾಳೆ ಮಾಡಿ. ಹಳೆಯ ದಂಡ ಸಂಹಿತೆಯಲ್ಲಿ 323 ಸಾಮಾನ್ಯ ಗಾಯ, 324 ಅಪಾಯಕಾರಿ ಆಯುಧದಿಂದ ಮಾಡಿದ ಗಾಯ. ಟೈಪಿನಲ್ಲಿ ಒಂದಂಕಿ ಜಾರಿದರೆ ಅರ್ಜಿದಾರನ ಚಿತ್ರವೇ ಬದಲಾಗುತ್ತದೆ.

ಎರಡೇ ಅಂಕ ಕೊಟ್ಟದ್ದು ಇದರ ಮುಂದಿನ ಹಂತಕ್ಕೆ. ಪೊಲೀಸ್ ವರದಿಗೆ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ ಎಂದು ನಿಯಮ ಹೇಳುತ್ತದೆ. ಆದರೆ ಕಲಂ 14ರಲ್ಲಿ 'ಯಾವುದೇ ಕಾರಣಕ್ಕೆ ಅನರ್ಹ', 'ಸಾರ್ವಜನಿಕ ಶಾಂತಿ' ಎಂಬ ಎರಡು ವಿಶಾಲ ಬಾಗಿಲುಗಳಿವೆ. ಕಲಂ 9 ಐದು ವರ್ಷಕ್ಕೆ ಮುಗಿಸಿದ ಕೇಸು ಈ ಬಾಗಿಲಿನಿಂದ ಹತ್ತನೇ ವರ್ಷದಲ್ಲೂ ಒಳಗೆ ಬರಬಹುದು, ಅದಕ್ಕೆ ಕಾಯ್ದೆಯಲ್ಲಿ ಗಡುವೇ ಇಲ್ಲ. ಹಳೆಯ ಶಿಕ್ಷೆಯೊಂದನ್ನೇ ಆಧಾರ ಮಾಡುವಂತಿಲ್ಲ, ಆಮೇಲಿನ ನಡತೆ ತೂಗಿ ನೋಡಲೇಬೇಕು ಎಂದು ಕಾಯ್ದೆಯೇ ಹೇಳಬೇಕಿತ್ತು. ಅಲ್ಲಿಯವರೆಗೆ ಆ ತೂಕವನ್ನು ಅರ್ಜಿದಾರನೇ ಒದಗಿಸಬೇಕು: ಈಚಿನ ಚಾರಿತ್ರ್ಯ ಪ್ರಮಾಣಪತ್ರ, ಕೆಲಸ ಕೊಟ್ಟವರ ಪತ್ರ, ಸೇನೆಯ ಡಿಸ್ಚಾರ್ಜ್ ಪುಸ್ತಕ. ಕೇಳುವ ಆಯುಧವೂ ಮುಖ್ಯ. ರಕ್ಷಣೆಗೆ 20 ಇಂಚಿಗಿಂತ ಕಡಿಮೆಯಿಲ್ಲದ, ಒಳಗೆ ಗೀರುಗಳಿಲ್ಲದ ನುಣುಪು ನಳಿಕೆಯ ಬಂದೂಕು, ಬೆಳೆ ಕಾಯಲು ಮದ್ದು ತುಂಬುವ ಬಂದೂಕು ಕೇಳಿದರೆ, ಬೇರೆ ಅಡ್ಡಿಯಿಲ್ಲದಿದ್ದಲ್ಲಿ 'ಕೊಡತಕ್ಕದ್ದು' ಎನ್ನುತ್ತದೆ ಕಲಂ 13. ಪಿಸ್ತೂಲು ಕೇಳಿದರೆ ತಕ್ಕ ಕಾರಣವನ್ನು ನೀವೇ ತೋರಿಸಬೇಕು.

ನಿರಾಕರಿಸಿದರೆ ಕಾರಣಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಕೇಳಿದವರಿಗೆ ಮಾತ್ರ ಕೊಡುತ್ತಾರೆ ಎಂಬುದು ಕಾನೂನಿನ ಮಾತೇ. ಅಪೀಲಿಗೆ 30 ದಿನ. ಕಮಿಷನರ್ ಆದೇಶದ ಮೇಲೆ ರಾಜ್ಯ ಸರ್ಕಾರಕ್ಕೆ, ಜಿಲ್ಲಾಧಿಕಾರಿಯ ಆದೇಶದ ಮೇಲೆ ವಿಭಾಗೀಯ ಆಯುಕ್ತರಿಗೆ. ಸಿಕ್ಕರೆ ಲೈಸೆನ್ಸ್ 5 ವರ್ಷದ್ದು, ಬಂದೂಕು ಹೆಚ್ಚೆಂದರೆ ಎರಡು. ಎರಡೂ 2019ರ ತಿದ್ದುಪಡಿಯಿಂದ ಬಂದವು.

ಪುಣೆ, ಮುಂಬೈಯಲ್ಲಿರುವ ಕೊಡವರಿಗೊಂದು ಮಾತು. ಅವರಿಗಿರುವ, 2029ರ ಅಕ್ಟೋಬರ್ 31ರವರೆಗೆ ವಿಸ್ತರಣೆಯಾಗಿರುವ ವಿನಾಯಿತಿ, ಲೈಸೆನ್ಸ್ ಬೇಕೆನ್ನುವ ಕಲಂ 3 ಮತ್ತು 4ರಿಂದ ಮಾತ್ರ. ಕಲಂ 9 ಅವರಿಗೂ ಅನ್ವಯಿಸುತ್ತದೆ. ಶಿಕ್ಷೆಯಾದ ಮಗನ ಹೆಸರಿಗೆ, ಆ ಐದು ವರ್ಷ ಮುಗಿಯುವವರೆಗೆ, ತಂದೆಯ ಬಂದೂಕು ಬರುವಂತಿಲ್ಲ. 70 ದಾಟಿದ ಅಥವಾ 25 ವರ್ಷ ಬಂದೂಕು ಇಟ್ಟುಕೊಂಡಿರುವ ತಂದೆ ಬದುಕಿರುವಾಗಲೇ ಅರ್ಹನಾದ ಇನ್ನೊಬ್ಬ ವಾರಸುದಾರನಿಗೆ ವರ್ಗಾಯಿಸಲು ನಿಯಮ 25ರಲ್ಲಿ ಅವಕಾಶವಿದೆ. ಉಳಿದ ವಾರಸುದಾರರ ಒಪ್ಪಿಗೆಪತ್ರ ಮೊದಲೇ ತೆಗೆದಿಡಿ.

ಕೊನೆಯದಾಗಿ ಬಂದೂಕಿನ ಮಾತು. ಶಿಕ್ಷೆಯಾದ ಕೂಡಲೇ ಅದನ್ನು ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕು. ಠೇವಣಿಗೆ ಕಾಲಮಿತಿಯಿದೆ, ಮೀರಿದರೆ ಮುಟ್ಟುಗೋಲು. ಹಾಗಾಗಿ ಶಿಕ್ಷೆ ಖಾಯಂ ಆದವರು ಆ ಅವಧಿಯೊಳಗೆ ಅರ್ಹರಿಗೆ ಮಾರಿಬಿಡುವುದೇ ಮೇಲು, ಅಪೀಲಿನಲ್ಲಿ ಗೆಲ್ಲುವ ಭರವಸೆ ಇರುವವರು ಠೇವಣಿ ಇಡಲಿ. ಇಡುವ ಮುಂಚೆ ಖಾಲಿ ಇದೆಯೆಂದು ಎರಡು ಸಲ ನೋಡಿ. ಡಬಲ್ ಬ್ಯಾರಲ್ಲನ್ನು ನಳಿಕೆ, ಮುಂಗೈ ಕಟ್ಟಿಗೆ, ಹಿಂಬದಿಯ ಮರದ ಹಿಡಿ ಎಂದು ಮೂರು ಭಾಗ ಮಾಡಿ, ನಳಿಕೆಯೊಳಗೆ ಬಟ್ಟೆ ಎಳೆದು, ತೆಳುವಾಗಿ ಎಣ್ಣೆ ಸವರಿ. ಹೆಚ್ಚು ಎಣ್ಣೆ ಬೇಡ, ಇಳಿದು ಹಿಡಿಯ ಮರವನ್ನು ಮೆತ್ತಗೆ ಮಾಡುತ್ತದೆ. ಚರ್ಮದ ಚೀಲದಲ್ಲಿ ಇಡಲೇಬೇಡಿ. ಹದ ಮಾಡಿದ ಚರ್ಮದ ಉಪ್ಪು ಮಳೆಗಾಲದ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಹತ್ತಿ ಬಟ್ಟೆ ಸಾಕು. ನಂಬರು, ತೋಟಾಗಳ ಎಣಿಕೆ, ನಳಿಕೆಯ ಸ್ಥಿತಿ ರಸೀದಿಯಲ್ಲಿ ಬರಲಿ. ವಾಪಸು ಪಡೆಯುವಾಗ ಸಹಿ ಹಾಕುವ ಮುನ್ನ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಚುಕ್ಕೆ ಚುಕ್ಕೆಯಾಗಿ ತುಕ್ಕು ತಿಂದಿದ್ದರೆ ಅದನ್ನು ಅಲ್ಲೇ ರಸೀದಿಯ ಮೇಲೆ ಬರೆಸಿ, ಬಂದೂಕು ರಿಪೇರಿಯವರು ನೋಡುವವರೆಗೆ ಅದರಲ್ಲಿ ತೋಟಾ ತುಂಬಬೇಡಿ.