ಸುಪೆರ್ಗಾ ಗುಡ್ಡಕ್ಕೆ ಮೂರು ಸಲ: ಆಲ್ಫಾ, ಫಿಯೆಟ್, ಲಾಂಚಾ

ಇಟಲಿಯ ಟ್ಯೂರಿನ್‌ನಲ್ಲಿ ಪೋ ನದಿ ದಾಟಿದರೆ ಸಾಸ್ಸಿ. ಅಲ್ಲಿಂದ ಸುಪೆರ್ಗಾ ಗುಡ್ಡದ ತುದಿಯ ಬಸಿಲಿಕಾ ಚರ್ಚಿನವರೆಗೆ ತಿರುವಿನ ಮೇಲೆ ತಿರುವು. 1902ರಲ್ಲಿ ಈ ದಾರಿಯಲ್ಲಿ ನಡೆದ ಕಾರು ಸ್ಪರ್ಧೆಯನ್ನು ಗೆದ್ದವರು ವಿನ್ಚೆಂಜೊ ಲಾಂಚಾ. ಅವರು ಓಡಿಸಿದ್ದು ಫಿಯೆಟ್ ಕಾರು. ನಾಲ್ಕು ವರ್ಷದ ಮೇಲೆ ಇದೇ ಊರಲ್ಲಿ ತಮ್ಮದೇ ಕಂಪನಿ ಕಟ್ಟಿದರು.

ಹೋದ ಅಕ್ಟೋಬರ್, ನವೆಂಬರ್‌ನಲ್ಲಿ ಮೂರು ಭಾನುವಾರ ಬೆಳಿಗ್ಗೆ ಮೂರು ಹಳೆಯ ಕಾರುಗಳನ್ನು ನಾನು ಈ ಗುಡ್ಡ ಹತ್ತಿಸಿದೆ. 1968ರ ಆಲ್ಫಾ ರೋಮಿಯೋ ಜಿಟಿ 1300 ಜೂನಿಯರ್, 1971ರ ಫಿಯೆಟ್ 124 ಸ್ಪೋರ್ಟ್ ಸ್ಪೈಡರ್, ಅದೇ ವರ್ಷದ ಲಾಂಚಾ ಫುಲ್ವಿಯಾ ಕೂಪೆ 1.3 ಎಸ್. ಮೂರನ್ನೂ ಪರಿಚಯದವರು ನಂಬಿ ಕೀಲಿ ಕೊಟ್ಟದ್ದು. ಇಲ್ಲಿ ಕೆಲಸಕ್ಕೆ ಬಂದಂದಿನಿಂದ ಕೂಡಿಟ್ಟ ದುಡ್ಡಿಗೆ ಒಂದೇ ಒಂದು ಕಾರು ಬರುತ್ತದೆ. ಯಾವುದು ಎಂದು ಫೋಟೋ ನೋಡಿ ತೀರ್ಮಾನಿಸಲು ಮನಸ್ಸಾಗಲಿಲ್ಲ.

ಫೆರಾರಿ ಬಿಟ್ಟು ಇವೇಕೆ ಎಂದು ಕೇಳಿದವರಿದ್ದಾರೆ. ಇವು ಸಂಬಳದವರು ಕೊಂಡು ದಿನಾ ಓಡಿಸಿದ ಕಾರುಗಳು. ಆದರೂ ಮೂರಕ್ಕೂ ಐದು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಎಂಜಿನ್ ತಲೆಯ ಮೇಲೆ ವಾಲ್ವು ತೆರೆಯುವ ಎರಡು ಕ್ಯಾಮ್‌ಶಾಫ್ಟ್. ದಾವಣಗೆರೆಯಲ್ಲಿ ಅಪ್ಪ ವರ್ಷಗಟ್ಟಲೆ ಓಡಿಸಿದ ಪ್ರೀಮಿಯರ್ ಪದ್ಮಿನಿಗೆ ನಾಲ್ಕೇ ಗೇರು, ನಾಲ್ಕೂ ಡ್ರಮ್ ಬ್ರೇಕು. ಅದನ್ನು ನಮ್ಮೋರೆಲ್ಲ ಫಿಯೆಟ್ ಅಂತಲೇ ಕರೆಯುತ್ತಿದ್ದರು. ಇಟಲಿ ಕಾರಿನ ಹುಚ್ಚು ನನಗೆ ಹತ್ತಿದ್ದು ಆ ಕಾರಿನ ಹಿಂದಿನ ಸೀಟಿನಲ್ಲಿ.

ಮೊದಲ ಭಾನುವಾರ ಆಲ್ಫಾ. ಈ ಮೈಯನ್ನು, ಕಾರಿನ ಮೈ ವಿನ್ಯಾಸ ಮಾಡುವ ಬೆರ್ತೋನೆ ಸಂಸ್ಥೆಯಲ್ಲಿದ್ದಾಗ ಬರೆದವರು ಜೋರ್ಜೆತ್ತೊ ಜುಜಾರೊ. 1963ರಲ್ಲಿ ಇದರ ಅಣ್ಣ ಜೂಲಿಯಾ ಸ್ಪ್ರಿಂಟ್ ಜಿಟಿ ಹೊರಬಂದಾಗ ಅವರಿಗೆ 25 ವರ್ಷ. ಮೂತಿಯ ಹತ್ತಿರ ಬಾನೆಟ್ಟಿನ ಅಂಚು ಒಂದು ಮೆಟ್ಟಿಲಿನಷ್ಟು ಎದ್ದು ನಿಂತಿದೆ. ಇಲ್ಲಿಯವರು ಅದಕ್ಕೆ 'ಸ್ಕಲೀನೊ' ಎನ್ನುತ್ತಾರೆ, ಪುಟ್ಟ ಮೆಟ್ಟಿಲು ಅಂತ. ಎಂಜಿನ್ ದೊಡ್ಡದಾದಷ್ಟೂ ತೆರಿಗೆ ಏರುತ್ತಿದ್ದ ದೇಶದಲ್ಲಿ 1290 ಸಿಸಿ ಜೂನಿಯರ್ ಹುಡುಗರ ಕೈಗೆಟುಕಲಿ ಎಂದು ಬಂದದ್ದು. 89 ಅಶ್ವಶಕ್ತಿ. ಎಂಜಿನ್ನಿನ ಬ್ಲಾಕು, ಅದರ ಮೇಲಿನ ಹೆಡ್ಡು ಎರಡೂ ಅಲ್ಯೂಮಿನಿಯಂ, ಕ್ಯಾಮ್ ತಿರುಗಿಸಲು ಚೈನು.

ಗೇರಿನ ಕಡ್ಡಿ ನೆಲದಿಂದ ನೇರ ಮೇಲೇಳುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗಿನಿಂದ ಚಾಲಕನ ಕಡೆಗೆ ಓರೆಯಾಗಿ ಚಾಚಿಕೊಂಡು ಬರುತ್ತದೆ. ಮೊದಲ ಹತ್ತು ನಿಮಿಷ ವಿಚಿತ್ರ ಅನಿಸಿತು. ಆಮೇಲೆ ಸ್ಟೇರಿಂಗ್‌ನಿಂದ ಕೈ ಒಂದು ಗೇಣು ಸರಿಸಿದರೆ ಸಾಕು, ಗೇರು ತಾನಾಗಿ ಅಂಗೈಗೆ ಸಿಗುತ್ತಿತ್ತು. ಎಣ್ಣೆ ಬಿಸಿಯಾಗುವ ತನಕ ಎರಡನೇ ಗೇರಿಗೆ ಅವಸರ ಮಾಡಬಾರದು ಎಂದು ಕಾರಿನ ಯಜಮಾನರು ಮೊದಲೇ ಹೇಳಿದ್ದರು, ಮಾಡಲಿಲ್ಲ. ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಿದ ಮೇಲೆ ಕಾರ್ಬ್ಯುರೇಟರ್‌ಗಳು ಗಾಳಿ ಎಳೆದುಕೊಳ್ಳುವ ಸದ್ದು ಬೇರೆಯೇ ಆಗುತ್ತದೆ, ಎದೆಗೇ ಕೇಳಿಸುತ್ತದೆ. ತಿರುವಿನಲ್ಲಿ ಮೂತಿ ಹೇಳಿದ ಕಡೆ ತಿರುಗುತ್ತದೆ, ಹಿಂಭಾಗ ಸ್ವಲ್ಪ ಜಾರಿದರೂ ಸೊಂಟಕ್ಕೆ ಮೊದಲೇ ಗೊತ್ತಾಗುತ್ತದೆ. ಬರೀ ಓಡಿಸುವ ಸುಖಕ್ಕೆ ಈ ಮೂರರಲ್ಲಿ ಆಲ್ಫಾವೇ ಮೇಲು. ಇದರಲ್ಲಿ ನನಗೆ ಎರಡು ಮಾತಿಲ್ಲ.

ರೇಸಿಗೆಂದು 1965ರಲ್ಲಿ ಅಲ್ಯೂಮಿನಿಯಂ ಹೊದಿಕೆಯ ಜಿಟಿಎ ಮಾಡಿದರು. ಅದರ ಹೆಸರು ಎಷ್ಟು ದೊಡ್ಡದೆಂದರೆ ಇಂದು ಎಷ್ಟೋ ಜೂನಿಯರ್‌ಗಳಿಗೆ ಜಿಟಿಎ ವೇಷ ಹಾಕಿದ್ದಾರೆ. ಬೆಲೆಯೂ ಆ ನೆರಳಿನಲ್ಲೇ ಏರಿದೆ, ಮೂರರಲ್ಲಿ ಇದೇ ದುಬಾರಿ. ಮೂಲ ರೂಪದಲ್ಲೇ ಉಳಿದ ಜೂನಿಯರ್ ಸಿಕ್ಕರೆ ದಯವಿಟ್ಟು ಅದನ್ನು ಹಾಗೇ ಬಿಡಿ.

ಫಿಯೆಟ್ ಕುರಿತು ಹೆಚ್ಚು ಬರೆಯಬೇಕಿಲ್ಲ, ಆದರೆ ಅದರ ಎಂಜಿನ್ ಕುರಿತು ಬರೆಯಲೇಬೇಕು. ಅದನ್ನು ಮಾಡಿದವರು ಔರೇಲಿಯೊ ಲಾಂಪ್ರೇದಿ. 1952, 1953ರಲ್ಲಿ ಆಲ್ಬೆರ್ತೊ ಅಸ್ಕಾರಿ ವಿಶ್ವ ಚಾಂಪಿಯನ್ ಆದ ಫೆರಾರಿಯ ನಾಲ್ಕು ಸಿಲಿಂಡರ್ ಎಂಜಿನ್ ಕೂಡ ಅವರದೇ. ಆ ಕೈ ಫಿಯೆಟ್‌ಗೆ ಬಂದು ಸಾಮಾನ್ಯ ಗಿರಾಕಿಗೆ ಎರಡು ಕ್ಯಾಮ್‌ನ ಎಂಜಿನ್ ಕೊಟ್ಟಿತು, ಚೈನಿನ ಬದಲು ಹಲ್ಲಿನ ರಬ್ಬರ್ ಬೆಲ್ಟು ಹಾಕಿ. ಕೊಳ್ಳುವಾಗ ಮೊದಲು ಕೇಳಬೇಕಾದ್ದೂ ಅದನ್ನೇ: ಬೆಲ್ಟು ಬದಲಿಸಿ ಎಷ್ಟು ವರ್ಷವಾಯಿತು? ಅದು ಕಡಿದರೆ ಪೆಟ್ಟು ವಾಲ್ವುಗಳಿಗೆ. ನಾನು ಓಡಿಸಿದ್ದು 1608 ಸಿಸಿ, 110 ಅಶ್ವಶಕ್ತಿಯದು, ಬಾನೆಟ್ಟಿನ ಮೇಲೆ ಎರಡು ಉಬ್ಬು ಇರುವಂಥದ್ದು. ಮೈ ಪಿನಿನ್ಫರೀನಾ ಎಂಬ ವಿನ್ಯಾಸ ಸಂಸ್ಥೆಯಲ್ಲಿ ಟಾಮ್ ಜಾರ್ಡಾ ಬರೆದದ್ದು.

ಈ ಕಾರಿನ ಮಡಚುವ ಚಪ್ಪರ ತೆಗೆಯಲು ಕೆಳಗಿಳಿಯಬೇಕಿಲ್ಲ. ಸೀಟಿನಲ್ಲೇ ಕೂತು ಎರಡು ಕೊಂಡಿ ಬಿಚ್ಚಿ ಒಂದು ಕೈಯಲ್ಲಿ ಹಿಂದಕ್ಕೆ ತಳ್ಳಿದರೆ ಮಡಚಿಕೊಳ್ಳುತ್ತದೆ. ಗುಡ್ಡದ ಮಂಜು ಮುಖಕ್ಕೆ ತಾಗುತ್ತಿತ್ತು, ಕಾರು ಸುಲಭವಾಗಿ ಏರಿಬಿಟ್ಟಿತು. 1966ರಿಂದ 1985ರವರೆಗೆ ತಯಾರಾಗಿ ಬಹುಪಾಲು ಅಮೆರಿಕಕ್ಕೆ ಹೋದ ಕಾರಿದು, ಹಾಗಾಗಿ ಬಿಡಿಭಾಗಕ್ಕೆ ಪರದಾಟವಿಲ್ಲ. ಇದೇ 124ರ ನಾಲ್ಕು ಬಾಗಿಲಿನ ಕಾರು ಬೇರೆ ಎಂಜಿನ್ ಹೊತ್ತು ನಮ್ಮಲ್ಲಿ ಪ್ರೀಮಿಯರ್ 118 ಎನ್‌ಇ ಆಯಿತು. ಬಸಿಲಿಕಾ ಎದುರಿನಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. "ಗೇರು ಎಲ್ಲೈತೋ ಮಗಾ?" ಎಂದರು. ಅವರ ಕಾರಿನದು ಸ್ಟೇರಿಂಗ್ ಪಕ್ಕದಲ್ಲಿತ್ತು.

ಮೂರನೇ ಭಾನುವಾರ ಮಳೆ. ಚೆಸ್ಟ್‌ನಟ್ ಮರದ ಎಲೆ ಉದುರಿ ರಸ್ತೆಯೆಲ್ಲ ಹಸಿ. ಲಾಂಚಾ ಸಿಕ್ಕಿದ್ದು ಅಂಥ ದಿನ.

ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಕಾಯುವಷ್ಟು ಹೊತ್ತು ಯಜಮಾನರು ಬಾನೆಟ್ ಎತ್ತಿ ತೋರಿಸಿದರು. ಎಪ್ಪತ್ತು ದಾಟಿದವರು, ತಾವೇ ರಿಪೇರಿ ಮಾಡಿಕೊಳ್ಳುವವರು. ವಿ-4 ಎಂಜಿನ್, ಅಂದರೆ ನಾಲ್ಕು ಸಿಲಿಂಡರ್ ಎರಡು ಸಾಲಾಗಿ ವಿ ಆಕಾರದಲ್ಲಿ ನಿಂತದ್ದು, ಆದರೆ ಆ ಎರಡು ಸಾಲಿನ ನಡುವಿನ ಕೋನ ಸುಮಾರು 13 ಡಿಗ್ರಿ ಮಾತ್ರ. ಅಷ್ಟು ಕಿರಿದಾದ್ದರಿಂದ ಎರಡೂ ಸಾಲಿಗೆ ಒಂದೇ ಹೆಡ್ಡು ಸಾಕು. ಇಡೀ ಎಂಜಿನ್ ಬಾನೆಟ್ ಎತ್ತರಿಸದಿರಲೆಂದು 45 ಡಿಗ್ರಿ ವಾಲಿ ಮಲಗಿದೆ. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್ ಎಲ್ಲವೂ ಒಂದು ಪ್ರತ್ಯೇಕ ಚೌಕಟ್ಟಿನ ಮೇಲೆ ಕೂತಿವೆ. ಎಂಜಿನಿಯರ್ ಅಂತೋನಿಯೊ ಫೆಸ್ಸಿಯಾ ಹಟ ಹಿಡಿದು ಮುಂದಿನ ಚಕ್ರಕ್ಕೇ ಶಕ್ತಿ ಕೊಟ್ಟವರು. ಮೈ ಬರೆದವರು ಲಾಂಚಾದೊಳಗಿನವರೇ ಆದ ಪಿಯೆರೊ ಕಾಸ್ತಾನ್ಯೇರೊ. 1298 ಸಿಸಿ, 90 ಅಶ್ವಶಕ್ತಿ. ಕಾಗದದ ಮೇಲೆ ಆಲ್ಫಾಗೂ ಇದಕ್ಕೂ ಒಂದು ಅಶ್ವಶಕ್ತಿಯ ವ್ಯತ್ಯಾಸ.

ರಸ್ತೆಯಲ್ಲಿ ಸ್ವಭಾವವೇ ಬೇರೆ. ನಿಂತಲ್ಲಿ ತಿರುಗಿಸಲು ಸ್ಟೇರಿಂಗ್ ಭಾರ. ಒಂದನೇ ಗೇರು ಎಡಕ್ಕೆಳೆದು ಕೆಳಗೆ. ಚಾವಣಿ ಹೊತ್ತ ಕಂಬಗಳು ಬೆರಳಿನಷ್ಟು ಸಣ್ಣ, ಸುತ್ತಲೂ ಗಾಜು, ಗಾಜಿನ ಮನೆಯಲ್ಲಿ ಕೂತ ಹಾಗೆ ಗುಡ್ಡವೆಲ್ಲ ಕಾಣುತ್ತದೆ. ಎಲೆ ಹಾಸಿದ ತಿರುವಿಗೆ ಬಂದಾಗ ನಾನು ಕಾಲು ಹಿಂತೆಗೆದೆ. "ಬೇಡ, ಒತ್ತಿ" ಎಂದರು ಪಕ್ಕದಲ್ಲಿ ಕೂತಿದ್ದ ಯಜಮಾನರು. ಮುಂದಿನ ತಿರುವಿನಲ್ಲಿ ಒತ್ತಿದೆ. ಮೂತಿ ಎಲೆಗಳ ಮೇಲೆ ಒಂದು ಕ್ಷಣ ತಡಕಾಡಿ, ಹಿಡಿತ ಸಿಕ್ಕ ಕೂಡಲೇ ಇಡೀ ಕಾರನ್ನು ತಿರುವಿನ ಒಳಮಗ್ಗುಲಿಗೆ ಎಳೆದುಕೊಂಡು ಹೋಯಿತು. 1972ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಸಾಂದ್ರೊ ಮುನಾರಿ ಹಿಮದ ಮೇಲೆ ತಮಗಿಂತ ಬಲದ ಕಾರುಗಳನ್ನು ಹಿಂದೆ ಹಾಕಿ ಫುಲ್ವಿಯಾ 1.6 ಎಚ್‌ಎಫ್‌ನಲ್ಲಿ ಗೆದ್ದದ್ದು ಹೇಗೆಂದು ಆ ತಿರುವಿನಲ್ಲಿ ನನ್ನ ಕೈಗೆ ಅರ್ಥವಾಯಿತು.

ಈ ಗೆಲುವಿನ ಹೊತ್ತಿಗೆ ಕಂಪನಿ ಕೈ ಬದಲಾಗಿತ್ತು. ಅಗ್ಗಕ್ಕೆ ಮಾಡಲು ಬಾರದ ಲಾಂಚಾ ಸಾಲದಲ್ಲಿ ಮುಳುಗಿ 1969ರಲ್ಲಿ ಫಿಯೆಟ್ ಪಾಲಾಯಿತು. ಆಲ್ಫಾ 1986ರಲ್ಲಿ ಅದೇ ದಾರಿ ಹಿಡಿಯಿತು. ಸಂಬಳದವರಿಗೆ ಓಡಿಸುವ ಸುಖ ಕೊಡುವ ಕಾರು ಮಾಡುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಒಂದೇ ಕಾಲದ ಮೂರು ಮನೆಗಳು ಮೂರು ಉತ್ತರ ಕೊಟ್ಟದ್ದು ಈ ಮೂರು ಕಾರುಗಳಲ್ಲಿದೆ. ಫುಲ್ವಿಯಾದ ಉತ್ತರ ಎಲ್ಲಕ್ಕಿಂತ ಕಷ್ಟದ್ದು, ಬೇರೆ ಯಾರೂ ಬರೆಯಲಾರದ್ದು. ನನ್ನ ದುಡ್ಡು ಅದಕ್ಕೇ.

ಇಳಿದು ಬಂದ ಮೇಲೆ ಯಜಮಾನರು ಕಾರಿನಡಿ ಟಾರ್ಚ್ ಹಿಡಿದು, ಆ ಮುಂದಿನ ಚೌಕಟ್ಟು ಮೈಗೆ ಸೇರುವ ಹಿಂದಿನ ತುದಿಗಳನ್ನು ಬೆರಳಿಂದ ತಟ್ಟಿ ತೋರಿಸಿದರು. ತುಕ್ಕು ಇಲ್ಲಿ ಹಿಡಿದಿದ್ದರೆ ಬಣ್ಣ ಎಷ್ಟೇ ಹೊಳೆಯಲಿ ಕೊಳ್ಳಬೇಡ, ಎಂಜಿನ್ ಕೆಟ್ಟಿದ್ದರೂ ಪರವಾಗಿಲ್ಲ, ಇದು ಗಟ್ಟಿ ಇರಬೇಕು ಎಂದರು. ಬಾಗಿಲ ಕೆಳಗಿನ ಅಂಚಿಗೆ ಅಯಸ್ಕಾಂತ ಹಿಡಿ, ಅಂಟದಿದ್ದರೆ ಟಿಂಕರಿಂಗ್‌ನವರು ತಗಡಿನ ಬದಲು ಪುಟ್ಟಿ ಮೆತ್ತಿದ್ದಾರೆ ಎಂದೇ ಅರ್ಥ ಎಂದೂ ಹೇಳಿದರು.

ಬರುವ ಶನಿವಾರ ಬಿಯೆಲ್ಲಾ ಹತ್ತಿರ ಒಂದು 1.3 ಎಸ್ ನೋಡಲು ಹೋಗುತ್ತಿದ್ದೇನೆ. ಅವರೂ ಜೊತೆಗೆ ಬರುತ್ತೇನೆಂದಿದ್ದಾರೆ, ಟಾರ್ಚು ಅವರದೇ.