ಸೆಕೆಂಡ್ ಹ್ಯಾಂಡ್ ಮಾಡೆಲ್ ಡೀಸೆಲ್ ಎಂಜಿನ್: ಹಳಿ ಮೇಲೆ ಓಡಿಸಿ ನೋಡದೆ ದುಡ್ಡು ಕೊಡಬೇಡಿ

ಬಾಕ್ಸ್‌ನಲ್ಲೇ ಇಟ್ಟಿದ್ದ, "ಒಂದು ಸಲವೂ ಓಡಿಸದ" ಹಳೇ ಮಾಡೆಲ್ ರೈಲು ಎಂಜಿನ್ (ನಿಜವಾದ ಎಂಜಿನ್‌ನ ಪುಟ್ಟ ಪ್ರತಿರೂಪ) ಸಿಗ್ತಿದೆ ಅಂದರೆ ಖುಷಿಪಡಬೇಡಿ. ಓಡಿಸಿಲ್ಲ ಅಂದ ಮಾತ್ರಕ್ಕೆ ಅದು ಕೆಟ್ಟಿಲ್ಲ ಅಂತಲ್ಲ. ನನ್ನ ದುಡ್ಡು ಹೋದ ಕಥೆ ಕೇಳಿ.

ನಮ್ಮಂಥವರು ಸೆಕೆಂಡ್ ಹ್ಯಾಂಡ್ ಕಡೆ ತಿರುಗುವುದಕ್ಕೆ ಕಾರಣ ಇದೆ. ಕಸ್ಟಮ್ಸ್ ಲೆಕ್ಕದಲ್ಲಿ ಮಾಡೆಲ್ ರೈಲೂ ಆಟಿಕೆಯೇ. ಆಟಿಕೆಗಳ ಮೇಲಿನ ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. ಹೊರದೇಶದಿಂದ ಹೊಸದನ್ನು ತರಿಸಿ ನೋಡಿ, ಬಿಲ್ ನೋಡಿದ ಮನೆಯವರು ಏನಂತಾರೆ ಅಂತ!

ನಾನು ಹುಡುಕುತ್ತಿದ್ದದ್ದು ಎಚ್‌ಒ ಸ್ಕೇಲ್‌ನ, ಅಂದರೆ 1:87 ಅಳತೆಯ, ಆರು ಆಕ್ಸಲ್‌ನ ಆಲ್ಕೋ (ಅಮೆರಿಕದ ಎಂಜಿನ್ ಕಂಪನಿ) ಡೀಸೆಲ್. ಕೆ.ಆರ್. ಪುರಂ ಶೆಡ್‌ನ ಎಂಜಿನ್‌ಗಳನ್ನು ನೋಡಿಕೊಂಡು ಬೆಳೆದವರಿಗೆ ಈ ಹುಚ್ಚು ಗೊತ್ತಿರುತ್ತದೆ. ನಮ್ಮ ರೈಲ್ವೆಯ ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ ಆಲ್ಕೋ ವಿನ್ಯಾಸವೇ ಅಲ್ವಾ. 1960ರ ದಶಕದಲ್ಲಿ ಮೊದಲು ಅಮೆರಿಕದಿಂದ ಬಂದವು, ಆಮೇಲೆ ವಾರಾಣಸಿಯಲ್ಲಿ ತಯಾರಾದವು. ಅಮೆರಿಕದ ಆಲ್ಕೋ ಮಾಡೆಲ್ ಒಂದು ಮನೆಯಲ್ಲಿದ್ದರೆ ನೆಂಟರೊಬ್ಬರು ಬಂದ ಹಾಗೆ.

ಆನ್‌ಲೈನ್ ಜಾಹೀರಾತಿನಲ್ಲಿ ಅಂಥದ್ದೇ ಒಂದು ಕಂಡಿತು. "ಒಂದು ಸಲವೂ ಓಡಿಸಿಲ್ಲ, ಡಿಸಿಸಿ ಇದೆ" ಅಂತ ಬರೆದಿದ್ದರು. ಡಿಸಿಸಿ ಅಂದರೆ ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸಿ ಎಂಜಿನ್ ಓಡಿಸುವ ವ್ಯವಸ್ಥೆ. ಫೋನ್ ಮಾಡಿ, "ನಿಮ್ಮ ಮನೆಗೇ ಬರ್ತೀನಿ, ಹಳಿ ಮೇಲೆ ಓಡಿಸಿ ತೋರಿಸಿ" ಅಂದೆ. "ಮನೇಲಿ ಪೇಂಟಿಂಗ್ ನಡೀತಿದೆ ಸಾರ್, ಜಯನಗರಕ್ಕೆ ಬನ್ನಿ" ಅಂದರು.

ಒಂದು ದರ್ಶಿನಿಯ ಸ್ಟೀಲ್ ಟೇಬಲ್ ಮೇಲೆ ಬಾಕ್ಸ್ ತೆರೆದರು. ನಿಜ ಹೇಳಬೇಕು, ನೋಡೋಕೆ ಅದ್ಭುತವಾಗಿತ್ತು. ಹ್ಯಾಂಡ್‌ರೇಲ್‌ಗಳೆಲ್ಲ ಬೇರೆ ಬೇರೆ ತಂತಿ. ಮೇಲಿನ ಲೋಹದ ಜಾಲರಿಯಲ್ಲಿ ಬಗ್ಗಿ ನೋಡಿದರೆ ಒಳಗಿನ ಫ್ಯಾನ್‌ನ ರೆಕ್ಕೆ ಕಾಣುತ್ತಿತ್ತು. ಗಾಜಿನ ಮೇಲೆ ವೈಪರ್, ಮುಂದೆ ಬ್ರೇಕ್ ಪೈಪ್. ಜೇಬಿನಿಂದ 9 ವೋಲ್ಟ್ ಬ್ಯಾಟರಿ ತೆಗೆದು ಎರಡು ವೈರ್‌ಗಳಿಂದ ಚಕ್ರಕ್ಕೆ ಮುಟ್ಟಿಸಿದರು. ಚಕ್ರ ತಿರುಗಿತು, ಹೆಡ್‌ಲೈಟ್ ಹತ್ತಿತು. ದುಡ್ಡು ಫೋನ್‌ನಲ್ಲೇ ಹೋಯಿತು.

ಮನೆಗೆ ತಂದು ಹಳಿ ಮೇಲೆ ಇಟ್ಟೆ. ನಿಧಾನಕ್ಕೆ ಬಿಟ್ಟರೆ ಟಕ್, ಟಕ್, ಟಕ್. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಎಂಜಿನ್ ಸಣ್ಣಗೆ ಕುಂಟುತ್ತಿತ್ತು. ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಬಂದಲ್ಲಿ ಹಳಿ ತಪ್ಪಿತು. ತಿರುಗಿಸಿ ಇಟ್ಟರೂ ಅಷ್ಟೇ.

ಬೋಗಿಯ, ಅಂದರೆ ಚಕ್ರಗಳನ್ನು ಕೂರಿಸಿರುವ ಚೌಕಟ್ಟಿನ, ಕೆಳಗಿನ ಮುಚ್ಚಳ ಬಿಚ್ಚಿದೆ. ಗ್ರೀಸ್ ಮೇಣದ ಥರ ಗಟ್ಟಿಯಾಗಿತ್ತು. ಅದನ್ನು ಕೆರೆದು ಟಾರ್ಚ್ ಹಿಡಿದಾಗ ಆಕ್ಸಲ್ ನಡುವಿನ ಪ್ಲಾಸ್ಟಿಕ್ ಗಿಯರ್‌ನಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಆರರಲ್ಲಿ ಮೂರಕ್ಕೆ ಇದೇ ಗತಿ. ಇಂಥ ಎಂಜಿನ್‌ಗಳಲ್ಲಿ ಎರಡು ಅರ್ಧ ಲೋಹದ ಕಡ್ಡಿಗಳನ್ನು ಎರಡೂ ಕಡೆಯಿಂದ ಪ್ಲಾಸ್ಟಿಕ್ ಗಿಯರ್‌ನೊಳಗೆ ಬಿಗಿಯಾಗಿ ತುರುಕಿರುತ್ತಾರೆ. ಆ ಬಿಗಿತಕ್ಕೆ ಪ್ಲಾಸ್ಟಿಕ್ ವರ್ಷಗಟ್ಟಲೆ ಎಳೆಸಿಕೊಂಡೇ ಇರುತ್ತದೆ. ಬಾಕ್ಸ್‌ನಲ್ಲಿ ಸುಮ್ನೆ ಇದ್ದರೂ ಒಂದು ದಿನ ಸೀಳುತ್ತದೆ. ಸೀಳಿದ ಕಡೆ ಹಲ್ಲುಗಳ ಅಂತರ ಜಾಸ್ತಿಯಾಗಿ ಟಕ್ ಅನ್ನುತ್ತದೆ. ಕಡ್ಡಿ ಸಡಿಲವಾಗಿ ಚಕ್ರಗಳ ನಡುವಿನ ಅಳತೆ ಬದಲಾಗುತ್ತದೆ, ಅದಕ್ಕೇ ಪಾಯಿಂಟ್‌ನಲ್ಲಿ ಬೀಳುವುದು. ಗಾಳಿಯಲ್ಲಿ ಹಿಡಿದು ಬ್ಯಾಟರಿ ಮುಟ್ಟಿಸಿದರೆ ಭಾರವೇ ಇಲ್ಲವಲ್ಲ, ಚಕ್ರ ತಿರುಗದೆ ಇನ್ನೇನು ಮಾಡುತ್ತದೆ?

ಮೇಲಿನ ಶೆಲ್ ಎತ್ತಿದರೆ ಇನ್ನೊಂದು ಬಯಲಾಯಿತು. ಡಿಕೋಡರ್, ಅಂದರೆ ಡಿಸಿಸಿ ಆದೇಶ ಓದುವ ಪುಟ್ಟ ಸರ್ಕ್ಯೂಟ್, ಇಲ್ಲ. ಎಂಟು ಪಿನ್‌ನ ಸಾಕೆಟ್, ಅದರಲ್ಲಿ ಖಾಲಿ ಪ್ಲಗ್. ಕರೆ ಮಾಡಿ ಕೇಳಿದೆ. "ಬಾಕ್ಸ್ ಮೇಲೆ ಡಿಸಿಸಿ ರೆಡಿ ಅಂತ ಬರೆದಿದೆಯಲ್ಲಾ ಸಾರ್" ಅಂದರು. ರೆಡಿ ಅಂದರೆ ಡಿಕೋಡರ್ ಹಾಕಲು ಜಾಗ ಇದೆ ಅಂತ ಅಷ್ಟೇ. ಡಿಕೋಡರ್‌ನ ಖರ್ಚು ನಿಮ್ಮದು, ಸೌಂಡ್ ಬೇಕಿದ್ದರೆ ಇನ್ನೂ ಜಾಸ್ತಿ. ಗಿಯರ್ ವಿಷಯ ಎತ್ತಿದ್ದಕ್ಕೆ "ನಿಮ್ಮೆದುರೇ ಚಕ್ರ ತಿರುಗಿತಲ್ಲ" ಅಂತ ಫೋನ್ ಇಟ್ಟರು. ಆಮೇಲೆ ನನ್ನ ನಂಬರ್ ಬ್ಲಾಕ್.

ಹಾಗಾಗಿ, ಎಲ್ಲೇ ಭೇಟಿಯಾದರೂ ನಾಲ್ಕು ತುಂಡು ಹಳಿ ಮತ್ತು 12 ವೋಲ್ಟ್ ಕಂಟ್ರೋಲರ್ ಬ್ಯಾಗ್‌ನಲ್ಲಿರಲಿ. ಜೋರಾಗಿ ಓಡಿಸಿದರೆ ಈ ರೋಗ ಗೊತ್ತಾಗುವುದಿಲ್ಲ. ಆಮೆ ನಡಿಗೆಯಲ್ಲಿ, ಹಿಂದಕ್ಕೂ ಮುಂದಕ್ಕೂ ಬಿಡಿ, ಕಿವಿ ಹತ್ತಿರ ತನ್ನಿ. ಕೆಳಗಿನ ಮುಚ್ಚಳ ತೆಗೆಸಿ, ಗಿಯರ್‌ಗಳನ್ನು ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ. ತೆಗೆಯಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ. ಆ ಮಾಡೆಲ್‌ಗೆ ಬದಲಿ ಗಿಯರ್ ಸಿಗುತ್ತದಾ ಅಂತ ಮೊದಲೇ ಹುಡುಕಿ. ಗಿಯರ್ ಬೆಲೆಗಿಂತ ಅದನ್ನು ತರಿಸುವ ಅಂಚೆ ಖರ್ಚೇ ಜಾಸ್ತಿ ಆಗಬಹುದು.

ನಿಮ್ಮ ಮನೆಯ ತಿರುವನ್ನೂ ಅಳೆದುಕೊಳ್ಳಿ. ಸ್ಟಾರ್ಟರ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬರುವುದು 18 ಇಂಚು ರೇಡಿಯಸ್‌ನ ತಿರುವು. ಉದ್ದದ ಆರು ಆಕ್ಸಲ್ ಎಂಜಿನ್‌ಗೆ 22 ಇಂಚಾದರೂ ಬೇಕು. ಅಷ್ಟು ಜಾಗ ಇಲ್ಲದ ಫ್ಲ್ಯಾಟ್‌ಗೆ ನಾಲ್ಕು ಆಕ್ಸಲ್‌ನದ್ದೇ ವಾಸಿ.

ಇನ್ನು, ಡಿಕೋಡರ್ ಹಾಕುವ ಮುಂಚೆ ಬಲ್ಬ್ ನೋಡಿ. ಹಳೇ ಮಾಡೆಲ್‌ಗಳಲ್ಲಿ 1.5 ವೋಲ್ಟ್ ಬಲ್ಬ್ ಇರುವುದುಂಟು. ರೆಸಿಸ್ಟರ್ ಇಲ್ಲದೆ ಡಿಕೋಡರ್‌ಗೆ ಜೋಡಿಸಿದರೆ ಕ್ಷಣದಲ್ಲಿ ಸುಟ್ಟು ಹೋಗುತ್ತವೆ.